ಬಳ್ಳಾರಿಯು ಧರ್ಮಛತ್ರವಲ್ಲ

ಒಂದು ಕ್ಷೇತ್ರದ ಮತದಾರರು ಆರಿಸಿ ಲೋಕಸಭೆಗೆ ಕಳುಹಿಸಿದ ಸದಸ್ಯನು ಆ ಸಭೆಯ ಅವಧಿ ಮುಗಿಯುವ ತನಕ ಅವರ ಪ್ರತಿನಿಧಿಯಾಗಿ ನಿಲ್ಲತಕ್ಕವನೋ, ಅಥವಾ ಬೇರೊಂದು ಸ್ಥಾನವು ತನಗೆ ಹೆಚ್ಚು ಅನುಕೂಲವಾಗಿ ಕಂಡೊಡನೆ ಅವರನ್ನು ಬಿಟ್ಟು ಹೋಗಬಹುದೋ? ಬಳ್ಳಾರಿ ಕ್ಷೇತ್ರದ ಚುನಾವಣೆಗಳ ಚರಿತ್ರೆಯು ಈ ಪ್ರಶ್ನೆಯನ್ನು ಒಂದಕ್ಕಿಂತ ಹೆಚ್ಚು ಸಲ ನಮ್ಮ ಮುಂದಿಟ್ಟಿದೆ. ಪ್ರತಿ ಸಲವೂ ನಾವು ಕನ್ನಡಿಗರು ಸುಮ್ಮನಿದ್ದೆವು. ಇನ್ನು ಸುಮ್ಮನಿರುವುದು ಮಾನವಂತರಿಗೆ ತರವಲ್ಲ.

ಬಳ್ಳಾರಿಯು ಕನ್ನಡಿಗರಿಗೆ ಪುಕ್ಕಟೆಯಾಗಿ ದೊರೆತ ನಾಡಲ್ಲವೆಂಬುದನ್ನು ವಾಚಕರು ಮರೆತಿರಲಾರರು. 1952ರಲ್ಲಿ ಮೊದಲನೆಯ ಲೋಕಸಭೆ ಕೂಡಿದಾಗ ಅದು ಮದರಾಸು ಪ್ರಾಂತಕ್ಕೆ ಸೇರಿತ್ತು. ಆಂಧ್ರ ರಾಜ್ಯವು ಹುಟ್ಟಿದ 1953ರ ಅಕ್ಟೋಬರ್ 1ರಂದು ಅದು ಮೈಸೂರಿಗೆ ಬಂದಿತು. ಆಗಲೂ ಆದವಾನಿ, ಆಲೂರು, ರಾಯದುರ್ಗ ಈ ಮೂರು ತಾಲ್ಲೂಕುಗಳು ನಮ್ಮ ಕೈತಪ್ಪಿದವು. ಬಳ್ಳಾರಿ ತಾಲ್ಲೂಕಿನ ವಿಷಯವು ಮಿಶ್ರಾ ಆಯೋಗದ ವಿಚಾರಣೆಯಿಂದ ತೀರ್ಮಾನವಾಗಬೇಕಾಯಿತು. ಮುಂಬಯಿ, ಹೈದರಾಬಾದು ಪ್ರಾಂತಗಳ ಕನ್ನಡ ಜಿಲ್ಲೆಗಳು 1956ರಲ್ಲಿ ಬಂದು ಕೂಡುವುದಕ್ಕೆ ಮೂರು ವರ್ಷ ಮುಂಚಿತವಾಗಿಯೇ ಏಕೀಕರಣದ ಮೊದಲ ಫಲವಾಗಿ ಬಂದ ನಾಡು ಇದು. ಇಷ್ಟು ಕಷ್ಟದಿಂದ ಪಡೆದ ನಾಡಿಗೆ ದಿಲ್ಲಿಯಲ್ಲಿ ಇರುವ ಒಂದೇ ಒಂದು ಧ್ವನಿಯು ಯಾರ ಅನುಕೂಲಕ್ಕಾಗಿಯೂ ಅಡಗಕೂಡದು.

ಮೊದಲ ಮೂರು ಚುನಾವಣೆಗಳಲ್ಲಿ, ಎಂದರೆ 1952, 1957, 1962ರಲ್ಲಿ, ಇಲ್ಲಿಂದ ಆರಿಸಿಹೋದವರು ಸ್ವಾತಂತ್ರ್ಯ ಹೋರಾಟಗಾರರಾದ ಟೇಕೂರು ಸುಬ್ರಹ್ಮಣ್ಯಂ ಅವರು. 1967 ಮತ್ತು 1971ರಲ್ಲಿ ವಿ. ಕೆ. ಆರ್. ವಿ. ರಾವ್ ಅವರು ಗೆದ್ದರು. ರಾಯರು ದಿಲ್ಲಿಯಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಕೀರ್ತಿ ಪಡೆದವರು. ಬಳ್ಳಾರಿಯ ಪ್ರತಿನಿಧಿಯಾಗಿದ್ದುಕೊಂಡೇ ಕೇಂದ್ರದಲ್ಲಿ ಸಾರಿಗೆಯ ಮಂತ್ರಿಗಳೂ ಶಿಕ್ಷಣ ಮಂತ್ರಿಗಳೂ ಆದರು. ಆದುದರಿಂದ ಹೊರಗಿನಿಂದ ಬಂದವರು ಇಲ್ಲಿ ನಿಲ್ಲಲೇಬಾರದೆಂಬ ಸಂಕುಚಿತ ವಾದವು ನಮ್ಮದಲ್ಲ. ಬಂದವರು ಉಳಿಯಬೇಕೆಂಬುದಷ್ಟೇ ನಮ್ಮ ವಾದ.

1999ರಲ್ಲಿ ನಡೆದದ್ದೇನು? ಕಾಂಗ್ರೆಸ್ಸಿನ ಅಧ್ಯಕ್ಷೆಯಾದ ಸೋನಿಯಾ ಗಾಂಧಿಯವರು ಅಮೇಠಿಯಲ್ಲಿಯೂ ಬಳ್ಳಾರಿಯಲ್ಲಿಯೂ ಉಮೇದುವಾರರಾಗಿ ನಿಂತರು. ಅವರೆದುರು ಭಾರತೀಯ ಜನತಾ ಪಕ್ಷದ ಸುಷ್ಮಾ ಸ್ವರಾಜರು ನಿಂತು, ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಭಾಷಣ ಮಾಡಿದರು. ದೇಶದ ದೃಷ್ಟಿಯೆಲ್ಲವೂ ಬಳ್ಳಾರಿಯ ಮೇಲೆ ನೆಟ್ಟಿತು. ಸೋನಿಯಾ ಗಾಂಧಿಯವರು 56 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು, ಅಮೇಠಿಯಲ್ಲಿಯೂ ಗೆದ್ದರು, ಅಮೇಠಿಯನ್ನು ಇಟ್ಟುಕೊಂಡು ಬಳ್ಳಾರಿಯನ್ನು ಬಿಟ್ಟರು. 2000ದಲ್ಲಿ ಉಪಚುನಾವಣೆ ನಡೆದು ಕೋಳೂರು ಬಸವನಗೌಡರು ಆರಿಸಿಬಂದರು. ಬಿಸಿಲಿನ ನಾಡಿನ ಜನರು ಕೊಟ್ಟ ನಾಲ್ಕು ಲಕ್ಷಕ್ಕೂ ಮಿಕ್ಕಿದ ಮತಗಳು ಹೀಗೆ ಅಮೇಠಿಯ ಸೋಲಿನ ಭಯಕ್ಕೆ ಜಾಮೀನಾಗಿ ಬಳಕೆಯಾದವು. ಭಯವು ತೀರಿದೊಡನೆ ಜಾಮೀನಿನ ಅವಶ್ಯಕತೆಯೂ ತೀರಿತು!

ಇದನ್ನೋದಿ ವಿರೋಧಪಕ್ಷದವರು ಹಿಗ್ಗಬೇಕಾಗಿಲ್ಲ. 2014ರಲ್ಲಿ ಭಾರತೀಯ ಜನತಾ ಪಕ್ಷದಿಂದ ಆರಿಸಿಹೋದ ಬಿ. ಶ್ರೀರಾಮುಲು ಅವರು 2018ರಲ್ಲಿ, ಲೋಕಸಭೆಯ ಸದಸ್ಯರಾಗಿದ್ದಾಗಲೇ, ಮೊಳಕಾಲ್ಮೂರು ಮತ್ತು ಬಾದಾಮಿ ಎಂಬ ಎರಡು ವಿಧಾನಸಭಾ ಕ್ಷೇತ್ರಗಳಲ್ಲಿ ನಿಂತರು. ಬಾದಾಮಿಯಲ್ಲಿ ಸೋತು ಮೊಳಕಾಲ್ಮೂರಿನಲ್ಲಿ ಗೆದ್ದು ಬಳ್ಳಾರಿಯ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅದೇ ವರ್ಷದ ನವೆಂಬರದಲ್ಲಿ ಉಪಚುನಾವಣೆಯಾಗಿ ಕಾಂಗ್ರೆಸ್ಸಿನ ವಿ. ಎಸ್. ಉಗ್ರಪ್ಪನವರು ಗೆದ್ದರು. 2019ರ ಏಪ್ರಿಲಿನಲ್ಲಿ ಮತ್ತೆ ಮಹಾಚುನಾವಣೆ! ಬಳ್ಳಾರಿಯ ಮತದಾರನು 2018ರ ಮೇ ತಿಂಗಳಿಂದ ಎಣಿಸಿದರೆ ಒಂದು ವರ್ಷ ತುಂಬುವುದರೊಳಗೆ ಮೂರು ಸಲ ಮತಗಟ್ಟೆಯ ಮುಂದೆ ಸಾಲಿನಲ್ಲಿ ನಿಂತನು. ಮತಗಟ್ಟೆಯ ಕೆಲಸಕ್ಕಾಗಿ ಪಾಠಶಾಲೆಯನ್ನು ಬಿಟ್ಟು ಹೋಗಬೇಕಾದ ಉಪಾಧ್ಯಾಯರಿಗೆ ಇದರ ಶ್ರಮವನ್ನು ನಾವು ಹೇಳಿಕೊಡಬೇಕೇ?

ಕಾಯಿದೆಯು ಇದಕ್ಕೆ ಅವಕಾಶ ಕೊಟ್ಟಿದೆಯಲ್ಲಾ ಎಂದು ಕೆಲವರು ಕೇಳುವರು. ಅಹುದು, ಕೊಟ್ಟಿದೆ. 1951ರ ಜನತಾ ಪ್ರಾತಿನಿಧ್ಯ ಕಾಯಿದೆಯಲ್ಲಿ ಮೊದಲು ಮಿತಿಯೇ ಇರಲಿಲ್ಲ. ಅಟಲ್ ಬಿಹಾರಿ ವಾಜಪೇಯಿಯವರು 1957ರಲ್ಲಿ ಮೂರು ಲೋಕಸಭಾ ಕ್ಷೇತ್ರಗಳಲ್ಲಿ ನಿಂತಿದ್ದರು. 1996ರ ತಿದ್ದುಪಡಿಯು ಅದನ್ನು ಎರಡಕ್ಕೆ ಇಳಿಸಿತು. 2004ರಲ್ಲಿ ಚುನಾವಣಾ ಆಯೋಗವು ಒಂದೇ ಕ್ಷೇತ್ರ ಸಾಕೆಂದು ಸೂಚಿಸಿತು. 2015ರಲ್ಲಿ ಕಾನೂನು ಆಯೋಗವು ತನ್ನ 255ನೆಯ ವರದಿಯಲ್ಲಿ ಅದನ್ನೇ ಹೇಳಿತು. 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದು ಪಾರ್ಲಿಮೆಂಟು ತೀರ್ಮಾನಿಸತಕ್ಕ ವಿಷಯವೆಂದು ಹೇಳಿ ಅರ್ಜಿಯನ್ನು ತಳ್ಳಿಹಾಕಿತು. ತೀರ್ಮಾನಿಸತಕ್ಕವರು ಯಾರು? ಇದರಿಂದ ಲಾಭ ಪಡೆಯುವ ಪಕ್ಷಗಳವರೇ! 2014ರಲ್ಲಿ ನರೇಂದ್ರ ಮೋದಿಯವರು ವಾರಾಣಸಿಗಾಗಿ ವಡೋದರೆಯನ್ನು ಬಿಟ್ಟರು. 2024ರಲ್ಲಿ ರಾಹುಲ್ ಗಾಂಧಿಯವರು ರಾಯಬರೇಲಿಗಾಗಿ ವಯನಾಡನ್ನು ಬಿಟ್ಟರು. ಬೇರೆಲ್ಲ ವಿಷಯಗಳಲ್ಲಿ ಕಚ್ಚಾಡುವ ಎರಡು ಪಕ್ಷಗಳು ಇದೊಂದರಲ್ಲಿ ಎಷ್ಟು ಒಗ್ಗಟ್ಟಾಗಿವೆ ನೋಡಿರಿ.

ದೊಡ್ಡವರು ನಿಂತರೆ ಕ್ಷೇತ್ರಕ್ಕೆ ಹೆಸರು ಬರುವುದೆಂಬುದು ಇನ್ನೊಂದು ಸಮಾಧಾನ. ಹೆಸರು ಒಂದು ತಿಂಗಳು ಇರುವುದು. ಗಣಿಯ ಧೂಳು, ತುಂಗಭದ್ರೆಯ ಕಾಲುವೆಯ ನೀರು, ರೈತನ ಸಾಲ, ಇವು ಐದು ವರ್ಷವೂ ಇರುವವು. ನಮ್ಮ ವಕೀಲಿ ವೃತ್ತಿಯಲ್ಲಿ ಒಬ್ಬ ಕಕ್ಷಿಗಾರನ ವಕಾಲತ್ತನ್ನು ಹಿಡಿದು, ಹೆಚ್ಚಿನ ಪ್ರತಿಷ್ಠೆಯ ಮತ್ತೊಂದು ಮೊಕದ್ದಮೆ ಬಂದಿತೆಂದು ಮೊದಲನೆಯವನನ್ನು ಕಚೇರಿಯ ಮೆಟ್ಟಿಲ ಮೇಲೆ ಬಿಟ್ಟುಹೋದವನನ್ನು ಯಾರೂ ದೊಡ್ಡ ವಕೀಲನೆನ್ನುವುದಿಲ್ಲ. ಮತವೆಂಬುದೂ ವಕಾಲತ್ತೇ. ಅದನ್ನು ಕೊಟ್ಟ ಕಕ್ಷಿಗಾರರು ಲಕ್ಷಗಟ್ಟಲೆ ಇದ್ದಾರೆಂದ ಮಾತ್ರಕ್ಕೆ ಹೊಣೆಯು ಹಗುರವಾಗುವುದೇ?

ಬಳ್ಳಾರಿಯು 2009ರಿಂದ ಪರಿಶಿಷ್ಟ ಪಂಗಡಗಳಿಗೆ ಮೀಸಲಾದ ಕ್ಷೇತ್ರ. ಸಭೆಯಲ್ಲಿ ತಮ್ಮವರೊಬ್ಬರು ನಿರಂತರವಾಗಿ ಕುಳಿತಿರಲೆಂದು ರಾಜ್ಯಾಂಗವು ಕೊಟ್ಟ ಸ್ಥಾನವನ್ನು ತೆರವು ಮಾಡಿ ಹೋಗುವುದು ಎರಡು ಪಟ್ಟು ಅನ್ಯಾಯ.

ಆದುದರಿಂದ ನಮ್ಮ ಬೇಡಿಕೆಗಳು ಎರಡು. ಒಬ್ಬನಿಗೆ ಒಂದೇ ಕ್ಷೇತ್ರವೆಂದು ಪಾರ್ಲಿಮೆಂಟು ಕಾಯಿದೆಯನ್ನು ತಿದ್ದತಕ್ಕದ್ದು; ಸ್ವಂತ ಇಚ್ಛೆಯಿಂದ ಬೇರೊಂದು ಸಭೆಗೆ ಹೋಗಲು ಸ್ಥಾನ ಬಿಟ್ಟವನಿಂದ ಉಪಚುನಾವಣೆಯ ವೆಚ್ಚವನ್ನು ವಸೂಲು ಮಾಡತಕ್ಕದ್ದು. ಕಾಯಿದೆಯು ಬರುವ ತನಕ ಕೈಕಟ್ಟಿ ಕೂಡ್ರುವ ಕಾರಣವೂ ಇಲ್ಲ. ಹಡಗಲಿಯಿಂದ ಸಂಡೂರಿನವರೆಗೆ ಪ್ರತಿಯೊಂದು ಊರಿನ ಓದುಬರಹ ಬಲ್ಲವರು, ಮತ ಕೇಳಲು ಬಂದ ಉಮೇದುವಾರನನ್ನು ತುಂಬಿದ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಲಿ: "ಗೆದ್ದರೆ ಅವಧಿ ಮುಗಿಯುವ ತನಕ ನಮ್ಮವರಾಗಿ ಇರುವಿರೋ?" ಬರವಣಿಗೆಯಲ್ಲಿ ಉತ್ತರ ಕೊಡಲು ಹಿಂಜರಿಯುವವನು, ಅವನು ಯಾವ ಪಕ್ಷದವನಾದರೂ ಆಗಲಿ, ಬಳ್ಳಾರಿಯ ಮತಕ್ಕೆ ಅರ್ಹನಲ್ಲ.