ಹುಣ್ಣಿಮೆಯ ಅಂಜಿಕೆಯೂ ಗೋಡೆಯ ಭದ್ರತೆಯೂ

ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೆಲ ನಡುಗುವುದೆಂಬ ಮಾತು ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯಲ್ಲಿ ಆಗಾಗ ಕೇಳಿಬರುತ್ತದೆ. ಅದಕ್ಕೆ ಕಾರಣವೂ ಉಂಟು. 1993ರ ಸಪ್ಟೆಂಬರ 30ರ ನಸುಕಿನಲ್ಲಿ, 4 ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ, ಕಿಲ್ಲಾರಿಯ ನೆಲ ನಡುಗಿತು. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿಯನ್ನು ಕಳುಹಿಸಿ ಜನರು ಮಲಗಿದ್ದರು. ಬೆಳಗಾದರೆ ಹುಣ್ಣಿಮೆ. ಲಾತೂರ ಜಿಲ್ಲೆಯಲ್ಲಿಯೂ, ಈಗ ಧಾರಾಶಿವವೆನಿಸಿದ ಅಂದಿನ ಉಸ್ಮಾನಾಬಾದ ಜಿಲ್ಲೆಯಲ್ಲಿಯೂ ಸುಮಾರು 10,000 ಜನರು ಮಡಿದರು. ಅಂಥ ದುಃಖವನ್ನು ಕಂಡವರು ತಿಥಿಯನ್ನು ಮರೆಯಲಾರರು. ಅವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಮನೆಗಳನ್ನು ಕೆಡವಿದ್ದು ಆ ತಿಥಿಯೇ ಎಂಬುದನ್ನು ನಾವು ವಿಚಾರ ಮಾಡಲೇಬೇಕು.

ಭೂಕಂಪದ ವಿಚಾರ ನಮ್ಮ ಜ್ಯೋತಿಷ್ಯಕ್ಕೆ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವನ್ನಿಟ್ಟಿದ್ದಾನೆ. ನಕ್ಷತ್ರಗಳನ್ನು ವಾಯು, ಅಗ್ನಿ, ಇಂದ್ರ, ವರುಣರ ಮಂಡಲಗಳೆಂದು ವಿಂಗಡಿಸಿ, ಯಾವ ಮಂಡಲದಲ್ಲಿ ನೆಲ ನಡುಗಿದರೆ ಯಾವ ಫಲವೆಂದು ಹೇಳಿದ್ದಾನೆ. ಆದರೆ ಹೆಸರು ದೊಡ್ಡದಾದ ಮಾತ್ರಕ್ಕೆ ಪರೀಕ್ಷೆ ಬೇಡವೆನ್ನಲಾಗದು. 1962ರ ಫೆಬ್ರುವರಿಯಲ್ಲಿ ಮಕರ ರಾಶಿಯಲ್ಲಿ ಅಷ್ಟಗ್ರಹಗಳು ಕೂಡಿದಾಗ ಪ್ರಳಯವೇ ಆಗುವುದೆಂದು ದೇಶದ ತುಂಬ ಹೋಮ ಹವನಗಳು ನಡೆದವು. ಆ ದಿನಗಳು ಬಂದಂತೆಯೇ ಹೋದವು.

ಈಗ ರೈತ ಬಾಂಧವರು ಒಂದು ಸಣ್ಣ ಲೆಕ್ಕ ಮಾಡಲಿ. ತಿಂಗಳಿಗೆ ತಿಥಿಗಳು 30. ಹುಣ್ಣಿಮೆಯ ಹಿಂದೆ ಎರಡು, ಮುಂದೆ ಎರಡು ಹಿಡಿದರೆ ಐದು; ಅಮಾವಾಸ್ಯೆಗೂ ಹಾಗೆಯೇ ಐದು. ಒಟ್ಟು ಹತ್ತು, ಅಂದರೆ ತಿಂಗಳಿನ ಮೂರನೆಯ ಒಂದು ಪಾಲು. ಚಂದ್ರನ ಸಂಬಂಧ ಏನೇನೂ ಇಲ್ಲದಿದ್ದರೂ ಮೂರು ಭೂಕಂಪಗಳಲ್ಲಿ ಒಂದು ಈ ದಿನಗಳಲ್ಲಿ ಬಿದ್ದೇ ಬೀಳುವುದು. 1934ರ ಬಿಹಾರದ ಭೂಕಂಪ ಅಮಾವಾಸ್ಯೆಯಂದಾಯಿತು; 2004ರ ಸುನಾಮಿಯ ದಿನ ಹುಣ್ಣಿಮೆ. ಇವು ನೆನಪಿನಲ್ಲಿ ಉಳಿಯುತ್ತವೆ. 1967ರ ಡಿಸೆಂಬರ 11ರ ಕೊಯ್ನಾ ಭೂಕಂಪವೂ 2015ರ ಏಪ್ರಿಲ್ 25ರ ನೇಪಾಳದ ಭೂಕಂಪವೂ ಶುಕ್ಲ ಪಕ್ಷದ ನಡುವೆ ಆದವು. ಇವುಗಳ ತಿಥಿಯನ್ನು ಯಾರೂ ಕೇಳುವುದಿಲ್ಲ. ಕಾಗೆ ಕೂಡುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದುದನ್ನಷ್ಟೇ ಎಣಿಸಿದರೆ ಕಾಗೆಯೇ ಕೊಂಬೆಯನ್ನು ಮುರಿಯಿತೆಂದು ತೋರುವುದು ಸಹಜ.

ಹಾಗೆಂದು ಚಂದ್ರನಿಗೆ ನೆಲದ ಮೇಲೆ ಸೆಳೆತವೇ ಇಲ್ಲವೆಂದಲ್ಲ. ಸಮುದ್ರದಂತೆ ಗಟ್ಟಿ ನೆಲವೂ ದಿನಕ್ಕೆರಡು ಸಲ ತುಸು ಉಬ್ಬಿ ಇಳಿಯುತ್ತದೆ; ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಇದು ಹೆಚ್ಚು. ಈ ಸೆಳೆತ ಹೆಚ್ಚಿರುವ ದಿನಗಳಲ್ಲಿ ಸಣ್ಣ ಬಿರುಕು ದೊಡ್ಡ ಕಂಪನವಾಗಿ ಬೆಳೆಯುವ ಸಂಭವ ಕೊಂಚ ಹೆಚ್ಚಿರಬಹುದೆಂದು ಜಪಾನಿನ ವಿಜ್ಞಾನಿಗಳು 2016ರಲ್ಲಿ ಹೇಳಿದರು. ಆದರೆ ಭೂಕಂಪದ ಮೂಲ ಬೇರೆ. ಭಾರತದ ನೆಲವೆಲ್ಲ ಉತ್ತರಕ್ಕೆ ಸರಿದು ಏಷ್ಯಾ ಖಂಡವನ್ನು ಒತ್ತುತ್ತಿದೆ. ಆ ಒತ್ತಡ ಸಾವಿರಾರು ವರ್ಷ ಕೂಡಿಕೂಡಿ, ಬಂಡೆ ತಡೆಯಲಾರದಾದಾಗ ಹಳೆಯ ಬಿರುಕಿನಲ್ಲಿ ಜಾರುತ್ತದೆ. ಇಂಥ ಊರಿನಲ್ಲಿ ಇಂಥ ದಿನವೆಂದು ಹೇಳಬಲ್ಲ ವಿದ್ಯೆ ಇಂದಿಗೂ ಯಾರಲ್ಲಿಯೂ ಇಲ್ಲ.

ಉತ್ತರೆ, ಹಸ್ತೆಯ ಮಳೆ ನೋಡಿ ಜೋಳ ಬಿತ್ತುವ ನಾವು ಪಂಚಾಂಗವನ್ನು ಬಿಡಬೇಕೇ ಎಂದು ಕೆಲವರು ಕೇಳಬಹುದು. ಬಿಡಬೇಕಾಗಿಲ್ಲ. ಮಳೆ ನಕ್ಷತ್ರಗಳ ಲೆಕ್ಕ ಸೂರ್ಯನ ನಡಿಗೆಯದು. ಅವು ವರ್ಷವರ್ಷವೂ ಬರುತ್ತವೆ, ಅನುಭವ ಅವನ್ನು ತಿದ್ದುತ್ತದೆ. ಒಂದು ಊರಿಗೆ ದೊಡ್ಡ ಭೂಕಂಪ ಹಲವು ತಲೆಮಾರಿಗೊಮ್ಮೆಯೂ ಬಾರದು. ಅಲ್ಲಿ ಅನುಭವದ ಒರೆಗಲ್ಲೇ ಇಲ್ಲ.

ಹುಣ್ಣಿಮೆಯ ರಾತ್ರಿ ಅಂಗಳದಲ್ಲಿ ಮಲಗಿ ಉಳಿದ ರಾತ್ರಿ ನಿಶ್ಚಿಂತೆಯಿಂದಿರುವುದೇ ಈ ನಂಬಿಕೆಯ ನಿಜವಾದ ಅಪಾಯ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಮಾಳಿಗೆಯ ಮೇಲಿನ ಮಣ್ಣಿನ ಭಾರ. ಸೋರುತ್ತದೆಂದು ವರ್ಷವರ್ಷವೂ ಮಣ್ಣು ಹೇರುವವರು ಹಳೆಯ ಮಣ್ಣನ್ನು ತೆಗೆಯುವುದಿಲ್ಲ. ಗೋಡೆಯ ಎರಡು ಮೈಗಳಿಗೆ ಬೆಸುಗೆಯಿಲ್ಲದಿದ್ದರೆ ನಡುಕಕ್ಕೆ ಅವು ಬೇರೆಬೇರೆಯಾಗಿ ಉರುಳುತ್ತವೆ.

ಆದುದರಿಂದ ಈ ಸಲ ಸುಗ್ಗಿ ಮುಗಿದೊಡನೆ ಮಾಳಿಗೆಯ ಹೆಚ್ಚಿನ ಮಣ್ಣನ್ನು ಇಳಿಸಿರಿ. ಹೊಸ ಗೋಡೆ ಕಟ್ಟಿದರೆ ಒಳಮೈಯಿಂದ ಹೊರಮೈಗೆ ಮುಟ್ಟುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಇಡಿಸಿರಿ. ಬಾಗಿಲು ಕಿಟಕಿಗಳ ತಲೆಮಟ್ಟದಲ್ಲಿ ಮನೆಯ ಸುತ್ತಲೂ ಕಬ್ಬಿಣದ ಸರಳು ಸೇರಿಸಿದ ಸಿಮೆಂಟಿನ ಪಟ್ಟಿ ಹಾಕಿಸಿರಿ. ದನದ ಕೊಟ್ಟಿಗೆಯನ್ನೂ ಮರೆಯಬೇಡಿರಿ. ಇದಕ್ಕೆ ಮುಹೂರ್ತ ಬೇಕೆನಿಸಿದರೆ ಧಾರಾಳವಾಗಿ ನೋಡಿಸಿರಿ. ಕೆಲಸವನ್ನು ಮಾತ್ರ ಮುಂದಕ್ಕೆ ಹಾಕಬೇಡಿರೆಂದು ನಮ್ಮ ವಿನಂತಿ.