ದಪ್ಪ ಲೇಪನದ ಉದ್ಯಮ: ಮೊದಲು ಸೀಸದ ಲೆಕ್ಕವಾಗಲಿ

ಬೆಳಗಾವಿಯ ಉದ್ಯಮಬಾಗದಂತಹ ಪ್ರದೇಶಗಳಲ್ಲಿ ತಯಾರಾಗುವ ಎರಕದ ಒಡಲಲ್ಲಿ ಬಿರುಕಿದೆಯೇ ಎಂಬುದನ್ನು ಶ್ರವಣಾತೀತ ಧ್ವನಿಯಿಂದ ಪರೀಕ್ಷಿಸುವುದುಂಟು. ಆ ಉಪಕರಣದ ಜೀವಾಳವೇ ಫೆರೋವಿದ್ಯುತ್ ಪಿಂಗಾಣಿ. ವಿದ್ಯುತ್ ಹರಿಸಿದರೆ ಕಂಪಿಸುವುದು, ಕಂಪನ ತಟ್ಟಿದರೆ ವಿದ್ಯುತ್ ನೀಡುವುದು ಅದರ ಗುಣ. ಸೀಸ, ಜಿರ್ಕೋನಿಯಂ ಹಾಗೂ ಟೈಟಾನಿಯಂಗಳ ಆಕ್ಸೈಡಾದ ‘ಪಿಜೆಡ್‌ಟಿ’ ಇವುಗಳಲ್ಲಿ ಪ್ರಮುಖವಾದುದು.

ಇದನ್ನು ಬಿಲ್ಲೆಯಾಗಿ ಅಂಟಿಸುವ ಬದಲು ಲೋಹದ ಮೇಲೆ ದ್ರಾವಣರೂಪದಲ್ಲಿ ಬಳಿದು, ಸುಮಾರು 600ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುವ ವಿಧಾನವಿದೆ. ಆದರೆ ಬರಿಯ ದ್ರಾವಣವನ್ನು ದಪ್ಪವಾಗಿ ಬಳಿದರೆ ಮರಳಿಲ್ಲದ ಗಿಲಾವಿನಂತೆ ಕುಗ್ಗಿ ಸೀಳುತ್ತದೆ. ಈ ತೊಡಕಿಗೆ ಕೆನಡಾದ ಬ್ಯಾರೋ, ಪೆಟ್ರಾಫ್ ಮತ್ತು ಸೇಯರ್ 1995ರಲ್ಲಿ ಪ್ರಕಟಿಸಿದ ಉಪಾಯ ಸರಳವಾದುದು: ಮೊದಲೇ ಸುಟ್ಟು ಅರೆದ ಪಿಂಗಾಣಿ ಪುಡಿಯನ್ನು ದ್ರಾವಣದಲ್ಲಿ ಕಲಸಿ ಲೇಪಿಸುವುದು. ಹೀಗೆ ಪದರದ ಮೇಲೆ ಪದರವಿಟ್ಟು ಹತ್ತಾರು ಮೈಕ್ರಾನ್ ದಪ್ಪವನ್ನು ಪಡೆಯಬಹುದು. ಕೊನೆಯಲ್ಲಿ ಅಧಿಕ ವೋಲ್ಟೇಜಿನಿಂದ ಅದನ್ನು ಧ್ರುವೀಕರಿಸಬೇಕು.

ಅರೆಯುವ ಯಂತ್ರ, ಸಿಂಪರಣಾ ಸಾಧನ, ಕುಲುಮೆ ಇವು ಸಣ್ಣ ಕಾರ್ಖಾನೆಗೆ ಅಪರಿಚಿತವಲ್ಲ. ಆದುದರಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಯುವ ಉದ್ಯಮಿಗಳಿಗೆ ಈ ಕಸುಬು ಎಟುಕದ್ದೇನೂ ಅಲ್ಲ. ಆದರೂ ಆತುರ ಸಲ್ಲದು.

ಪಿಜೆಡ್‌ಟಿಯ ತೂಕದಲ್ಲಿ ಶೇಕಡಾ 60ಕ್ಕೂ ಹೆಚ್ಚು ಪಾಲು ಸೀಸವಿರುತ್ತದೆ. ಸುಡುವಾಗ ಅದರ ಒಂದಂಶ ಆವಿಯಾಗುತ್ತದೆ. ತೊಳೆದ ನೀರಿನಲ್ಲಿಯೂ ಸೇರುತ್ತದೆ. ಮಕ್ಕಳ ಮಿದುಳಿಗೆ ಸೀಸದ ಯಾವ ಪ್ರಮಾಣವೂ ಸುರಕ್ಷಿತವೆಂದು ತಿಳಿದುಬಂದಿಲ್ಲ. ಸವದತ್ತಿ ತಾಲೂಕಿನ ನವಿಲುತೀರ್ಥ ಜಲಾಶಯವನ್ನು ದಾಟಿ ರಾಮದುರ್ಗದ ಮಗ್ಗುಲಲ್ಲಿ ಹರಿಯುವ ಮಲಪ್ರಭೆಗೆ ಇಂತಹ ನೀರು ಸೇರಿದರೆ, ಗಳಿಸಿದ ಲಾಭವೆಲ್ಲ ನಷ್ಟವೇ ಸರಿ.

ವ್ಯಾಪಾರದ ದೃಷ್ಟಿಯಿಂದಲೂ ಎಚ್ಚರ ಅಗತ್ಯ. ಯುರೋಪಿನ ಒಕ್ಕೂಟವು ವಿದ್ಯುನ್ಮಾನ ಸಾಮಗ್ರಿಗಳಲ್ಲಿ ಸೀಸವನ್ನು 2006ರಿಂದ ನಿರ್ಬಂಧಿಸಿದೆ. ಇಂತಹ ಪಿಂಗಾಣಿಗೆ ದೊರೆತಿರುವುದು ಕಾಲಕಾಲಕ್ಕೆ ಪರಿಶೀಲನೆಗೊಳಗಾಗುವ ವಿನಾಯಿತಿ ಮಾತ್ರ. ವಿನಾಯಿತಿಯನ್ನೇ ಅಡಿಪಾಯವಾಗಿಸಿ ಬಂಡವಾಳ ಹೂಡುವುದು ಜಾಣತನವಲ್ಲ. ಪೊಟ್ಯಾಸಿಯಂ-ಸೋಡಿಯಂ ನಯೋಬೇಟ್‌ನಂತಹ ಸೀಸರಹಿತ ಪರ್ಯಾಯಗಳಿವೆ. ಅವು ಎಲ್ಲ ಬಳಕೆಗಳಲ್ಲಿಯೂ ಪಿಜೆಡ್‌ಟಿಗೆ ಸಮನಲ್ಲವಾದರೂ ಕಲಿಕೆಯ ಆರಂಭಕ್ಕೆ ಯೋಗ್ಯ.

ಆದಕಾರಣ ವಾಣಿಜ್ಯ ಸಂಸ್ಥೆಯು ಆಸಕ್ತರ ಒಂದು ತಂಡವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕಳುಹಿಸಿ, ತಜ್ಞರ ಸಲಹೆ ಪಡೆಯಲಿ. ಬಳಿಕ ಆವಿ ಹಿಡಿದಿಡುವ ಕುಲುಮೆ ಮತ್ತು ನೀರಿನ ಶುದ್ಧೀಕರಣ ಘಟಕವುಳ್ಳ ಒಂದೇ ಸಾಮಾನ್ಯ ಸೌಲಭ್ಯ ಕೇಂದ್ರಕ್ಕಾಗಿ ಕೇಂದ್ರ ಸರ್ಕಾರದ ಸಮೂಹ ಅಭಿವೃದ್ಧಿ ಯೋಜನೆಯಡಿ ಪ್ರಯತ್ನಿಸಲಿ. ಹಿತ್ತಲಿಗೊಂದು ಕುಲುಮೆ ಹೂಡುವುದಕ್ಕಿಂತ ನಾಲ್ಕೂ ತಾಲೂಕುಗಳಿಗೆ ಒಂದೇ ಸುರಕ್ಷಿತ ಕುಲುಮೆ ಲೇಸು.