ವಿಮೆಯ ಪಟ್ಟಿಯನ್ನು ಬರೆಯುವವರು ಯಾರು?

ಸರ್ಕಾರಿ ಸೇವೆಯಲ್ಲಿದ್ದಾಗ, ಆರೋಗ್ಯ ವಿಮೆಯ ಚಿಕಿತ್ಸಾ ಪಟ್ಟಿಯೊಂದನ್ನು ಅಂತಿಮಗೊಳಿಸುವ ಸಭೆಯಲ್ಲಿ ನಾನೂ ಕುಳಿತಿದ್ದೆ. ತಜ್ಞ ವೈದ್ಯರಿದ್ದರು, ವಿಮಾ ಲೆಕ್ಕಿಗರಿದ್ದರು, ಹಣಕಾಸು ಅಧಿಕಾರಿಗಳಿದ್ದರು. ಕಾರ್ಡು ಹಿಡಿದು ಆಸ್ಪತ್ರೆಯ ಸರದಿಯಲ್ಲಿ ನಿಲ್ಲಬೇಕಾದವರು ಮಾತ್ರ ಇರಲಿಲ್ಲ. ಅದೊಂದು ಲೋಪವೆಂದು ಅಂದು ನನಗೂ ಹೊಳೆಯಲಿಲ್ಲ.

ಅಮೆರಿಕದ ಒರೆಗಾನ್ ರಾಜ್ಯ ಈ ಲೋಪವನ್ನು ತಿದ್ದಲು ಯತ್ನಿಸಿತು. ಸ್ವತಃ ವೈದ್ಯರಾಗಿದ್ದ ಶಾಸಕ ಜಾನ್ ಕಿಟ್ಝಾಬರ್ ಅವರ ಮುಂದಾಳತ್ವದಲ್ಲಿ 1989ರಲ್ಲಿ ಕಾನೂನು ರಚನೆಯಾಯಿತು. ಬಡವರ ವಿಮೆ ಯಾವ ಚಿಕಿತ್ಸೆಗೆ ಮೊದಲು ಹಣ ನೀಡಬೇಕೆಂದು ತಿಳಿಯಲು 1990ರಲ್ಲಿ ರಾಜ್ಯದಾದ್ಯಂತ 47 ಸಭೆಗಳು ನಡೆದವು. ಅದೇ ವರ್ಷ ಖರ್ಚು-ಪ್ರಯೋಜನದ ಲೆಕ್ಕದಿಂದಲೇ ಸಿದ್ಧವಾದ ಮೊದಲ ಪಟ್ಟಿಯಲ್ಲಿ ಹಲ್ಲಿನ ಕವಚಕ್ಕೆ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಗಿಂತ ಮೇಲಿನ ಸ್ಥಾನ ದೊರೆಯಿತು! ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದು ನಗು ತರಿಸುವ ಸಂಗತಿಯಲ್ಲ. 1991ರ ಪರಿಷ್ಕೃತ ಪಟ್ಟಿಯಲ್ಲಿ 709 ಬಾಬುಗಳಿದ್ದು, ಮೊದಲ 587ಕ್ಕೆ ಹಣ ಒದಗಿಸಲು ನಿರ್ಧರಿಸಲಾಯಿತು. ಆದರೆ ಸಭೆಗಳಿಗೆ ಬಂದವರಲ್ಲಿ ಹೆಚ್ಚಿನವರು ಆರೋಗ್ಯ ಕ್ಷೇತ್ರದ ನೌಕರರೇ, ಬಡವರು ವಿರಳ. ಕರೆದ ಮಾತ್ರಕ್ಕೆ ಜನ ಬರುವುದಿಲ್ಲ, ದಿನಗೂಲಿ ಬಿಟ್ಟು ಬರುವುದಂತೂ ಕಷ್ಟ.

ನಮ್ಮಲ್ಲಿಯೂ ಇಂಥ ಪ್ರಯೋಗ ನಡೆದಿರುವುದನ್ನು ಬಲ್ಲವರು ಕಡಿಮೆ. 2005ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರಗಳ ಹಳ್ಳಿ, ಪಟ್ಟಣಗಳ 302 ಮಂದಿಯನ್ನು 24 ಗುಂಪುಗಳಾಗಿ ಕೂರಿಸಿ, ಸೀಮಿತ ಹಣದಲ್ಲಿ ತಮ್ಮ ವಿಮೆಯನ್ನು ತಾವೇ ರೂಪಿಸಿಕೊಳ್ಳುವಂತೆ ಕೇಳಲಾಯಿತು. ‘ಜನರನ್ನು ಕೇಳಿದರೆ ಎಲ್ಲವೂ ಬೇಕೆನ್ನುತ್ತಾರೆ’ ಎಂಬ ನಮ್ಮ ಕಚೇರಿಗಳ ನಂಬಿಕೆ ಅಲ್ಲಿ ಸುಳ್ಳಾಯಿತು. ಅವರು ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿದರು. ಆಸ್ಪತ್ರೆಯ ದಾಖಲಾತಿಯ ಜೊತೆಗೆ ಹೊರರೋಗಿ ಸೇವೆ, ಔಷಧ, ರೋಗಪರೀಕ್ಷೆಗಳನ್ನೂ ಬಯಸಿದರು. ಅಪರೂಪದ್ದಾಗಲಿ, ಪದೇ ಪದೇ ಬರುವುದಾಗಲಿ, ಒಟ್ಟಾರೆ ಮೊತ್ತ ದೊಡ್ಡದಾಗುವ ವೆಚ್ಚಕ್ಕೆ ರಕ್ಷಣೆ ಸಿಗುವುದೇ ಅವರಿಗೆ ಮುಖ್ಯವಾಗಿತ್ತು.

2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿಯವರೆಗೆ ರಕ್ಷಣೆ ನೀಡುತ್ತದೆ. ಅದು ಬಹುಮಟ್ಟಿಗೆ ಒಳರೋಗಿ ಚಿಕಿತ್ಸೆಗೆ. ಮಧುಮೇಹದ ಮಾತ್ರೆಯನ್ನು ತಿಂಗಳು ತಿಂಗಳೂ ಅಂಗಡಿಯಿಂದ ಕೊಳ್ಳುವ ಕೃಷಿ ಕೂಲಿಗೆ ಆ ಕಾರ್ಡು ಕಾಲು ಕತ್ತರಿಸುವ ದಿನ ನೆರವಿಗೆ ಬರುತ್ತದೆ.

ಪಟ್ಟಿಯ ಮುಂದಿನ ಪರಿಷ್ಕರಣೆಗೆ ಮುನ್ನ ಕೆಲವು ತಾಲ್ಲೂಕುಗಳಲ್ಲಾದರೂ, ಭಾಗವಹಿಸುವವರಿಗೆ ಅಂದಿನ ಕೂಲಿ ಕೊಟ್ಟು, ಈ ಲೆಕ್ಕವನ್ನು ಜನರ ಮುಂದಿಡಬಹುದು. ವೈದ್ಯಕೀಯವಾಗಿ ಯಾವುದು ಉಪಯುಕ್ತವೆಂಬುದನ್ನು ತಜ್ಞರೇ ಹೇಳಲಿ. ಜನರ ಯಾವ ಬೇಡಿಕೆಯನ್ನು, ಏಕೆ ಕೈಬಿಡಲಾಯಿತು ಎಂಬುದನ್ನು ಸರ್ಕಾರ ಕನ್ನಡದಲ್ಲಿ ಪ್ರಕಟಿಸಲಿ. ನಾನು ಕುಳಿತಿದ್ದ ಸಭೆಯ ನಡಾವಳಿ ಇಂಗ್ಲಿಷಿನಲ್ಲಿತ್ತು.